ಕೆಸರು ಗದ್ದೆಗೆ ಉದ್ದನೆಯ ಬೆಲ್ಟ್: ಹಾಕಿಸುವ ಮುನ್ನ ಒಂದು ಲೆಕ್ಕ

ಗಾಂಧಿಪುರಂ: ಭತ್ತದ ಕೊಯ್ಲಿನ ಕಾಲ ಹತ್ತಿರವಾದಂತೆ ಸತ್ಯಮಂಗಲ, ತಾಳವಾಡಿ, ಚಾಮರಾಜನಗರ ಕಡೆಯ ಬಸ್ಸುಗಳಿಂದ ಗಾಂಧಿಪುರಂ ನಿಲ್ದಾಣದಲ್ಲಿ ಇಳಿಯುವವರಲ್ಲಿ ಬಿಡಿಭಾಗ ಹುಡುಕಿಕೊಂಡು ಬಂದವರೂ ಇರುತ್ತಾರೆ. ಕಟಾವು ಯಂತ್ರದ ಸವೆದ ಬೆಲ್ಟಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದಕ್ಕಿಂತ ಉದ್ದನೆಯದು, ಉಬ್ಬು ಎತ್ತರ ಇರುವುದು ಹಾಕಿದರೆ ಗಾಡಿ ಹೂಳುವುದಿಲ್ಲವೇ?"

ಪ್ರಶ್ನೆ ಸಹಜವಾದದ್ದೇ. ಮಳೆ ಬಿದ್ದ ಗದ್ದೆಯಲ್ಲಿ ಯಂತ್ರ ಹೊಟ್ಟೆ ಮಟ್ಟ ಹೂತುಹೋದರೆ ಅದನ್ನು ಎಳೆಯಲು ಇನ್ನೊಂದು ಯಂತ್ರ ಬೇಕು. ಅದೂ ಹೂತರೆ ಆ ದಿನದ ಕೆಲಸ ಮುಗಿದಂತೆ. ಅಷ್ಟರಲ್ಲಿ ಪಕ್ಕದ ಗದ್ದೆಯಲ್ಲಿ ಮಾಗಿದ ತೆನೆ ನೆಲಕ್ಕೆ ಒರಗಿ ನೀರಿನಲ್ಲಿ ನೆನೆಯುತ್ತಿರುತ್ತದೆ. ಕೆಲವೇ ದಿನಗಳಲ್ಲಿ ಕಾಳು ಅಲ್ಲೇ ಮೊಳಕೆ ಒಡೆಯುತ್ತದೆ. ಮೊಳಕೆ ಒಡೆಯದಿದ್ದರೂ ತೇವದ ಕಾಟ ತಪ್ಪದು. ಸರ್ಕಾರಿ ಖರೀದಿಯ ನಿಯಮದಲ್ಲಿ ಭತ್ತದ ತೇವಾಂಶಕ್ಕೆ ಶೇ 17ರ ಮಿತಿ ಇದೆ.

ಗಡಿಭಾಗದ ಜನರಿಗೆ ಇದನ್ನು ಎರಡೂ ಭಾಷೆ ಬೆರೆಸಿ ಹೇಳಬಹುದು. ಕನ್ನಡದ ಸೇರು ಕಾಳು ಅಳೆಯುವುದು. ತಮಿಳಿನ ಸೇರು ಎಂದರೆ ಕೆಸರು. ಗದ್ದೆಯಲ್ಲಿ ಆ ಸೇರು ಹೆಚ್ಚಾದರೆ ಮನೆಗೆ ಬರುವ ಈ ಸೇರು ಕಡಿಮೆಯಾಗುತ್ತದೆ.

ಹಾಗೆಂದು ಉದ್ದನೆಯ ಬೆಲ್ಟ್ ಎಲ್ಲದಕ್ಕೂ ಮದ್ದಲ್ಲ. ತಪ್ಪು ಬೆಲ್ಟ್ ಹಾಕಿದರೆ ಸ್ಪ್ರಾಕೆಟ್, ಗೇರ್ ಬಾಕ್ಸ್ ಮತ್ತು ಆ ಹಂಗಾಮಿನ ದುಡಿಮೆ ಮೂರೂ ಒಟ್ಟಿಗೆ ಹೋಗಬಹುದು. ಸಾಲ ಮಾಡಿ ಯಂತ್ರ ಕೊಂಡವರಿಗೆ ಇದು ಸಣ್ಣ ಮಾತಲ್ಲ. ಆದ್ದರಿಂದ ಬೆಲ್ಟಿನ ಲೆಕ್ಕವನ್ನು ಮೊದಲು ತಿಳಿಯುವುದು ಒಳ್ಳೆಯದು.

ಟೈರ್ ಗಾಡಿ, ಬೆಲ್ಟ್ ಗಾಡಿ

ಭತ್ತ ಕೊಯ್ಯುವ ಯಂತ್ರಗಳಲ್ಲಿ ಎರಡು ಬಗೆ. ಟೈರಿನ ಮೇಲೆ ಓಡುವುದು ಒಂದು. ರಬ್ಬರ್ ಬೆಲ್ಟಿನ ಮೇಲೆ ಓಡುವುದು ಇನ್ನೊಂದು. ಒಣ ಗದ್ದೆಗೆ ಟೈರ್ ಗಾಡಿ ಸಾಕು, ಅದು ರಸ್ತೆಯಲ್ಲೂ ತಾನೇ ಓಡುತ್ತದೆ. ನೀರು ಬಸಿಯದ ಗದ್ದೆಗೆ ಬೆಲ್ಟ್ ಗಾಡಿಯೇ ಬೇಕು. ಅದರ ಬಾಡಿಗೆಯೂ ಹೆಚ್ಚು. ಊರಿಂದೂರಿಗೆ ಹೋಗಲು ಅದನ್ನು ಲಾರಿಯ ಮೇಲೆ ಹೇರಬೇಕು.

1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟೆಯ ಕೀಳ್ ಭವಾನಿ ಕಾಲುವೆಗೆ 2.07 ಲಕ್ಷ ಎಕರೆ ಅಚ್ಚುಕಟ್ಟು ಇದೆ. ಅಲ್ಲಿ ಭತ್ತದ ಬೆಳೆಗೆ ಸಾಮಾನ್ಯವಾಗಿ ಆಗಸ್ಟ್ 15ರಿಂದ ಡಿಸೆಂಬರ್ ಮಧ್ಯದವರೆಗೆ ನೀರು ಬಿಡುವ ವಾಡಿಕೆ. ಅದೇ ತಿಂಗಳುಗಳಲ್ಲಿ ಈಶಾನ್ಯ ಮುಂಗಾರೂ ಇರುತ್ತದೆ. ಹೀಗಾಗಿ ಕೊಯ್ಲಿನ ಹೊತ್ತಿಗೆ ತಗ್ಗಿನ ಗದ್ದೆಗಳು ಒಣಗುವುದೇ ಇಲ್ಲ. ಘಾಟಿಯ ಆಚೆ ಯಳಂದೂರು, ಕೊಳ್ಳೇಗಾಲದ ಕಡೆಯೂ ಕಾಲುವೆ ಕೊನೆಯ ಗದ್ದೆಗಳ ಕಥೆ ಇದೇ.

ಘಾಟಿ ದಾಟುವುದೂ ಈಗ ಸುಲಭವಲ್ಲ. ಹುಲಿ ಸಂರಕ್ಷಿತ ಪ್ರದೇಶದ ನಡುವೆ 27 ತಿರುವುಗಳಲ್ಲಿ ಏರುವ ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರ ನಿರ್ಬಂಧ ಜಾರಿಗೆ ಬಂತು. ಅಂದ ಮೇಲೆ ಒಂದು ಕಡೆ ಕೆಟ್ಟು ನಿಂತ ಯಂತ್ರಕ್ಕೆ ಇನ್ನೊಂದು ಕಡೆಯಿಂದ ರಾತ್ರೋರಾತ್ರಿ ಬದಲಿ ತರಿಸುತ್ತೇವೆ ಎಂದು ಲೆಕ್ಕ ಹಾಕುವಂತಿಲ್ಲ. ಇರುವ ಗಾಡಿಯನ್ನೇ ಹೂಳದಂತೆ ನೋಡಿಕೊಳ್ಳಬೇಕು.

ಹಿಮದಿಂದ ಗದ್ದೆಗೆ

ರಬ್ಬರ್ ಬೆಲ್ಟಿನ ವಾಹನಕ್ಕೆ ದೊಡ್ಡ ಚರಿತ್ರೆ ಇರುವುದು ಹಿಮದ ನಾಡಿನಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಉಲ್ಬಣಿಸಿತು. ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿದ್ದವು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ಗಾಡಿಗಾಗಿ ಮೊದಲೇ ಪ್ರಯೋಗ ನಡೆಸಿದ್ದ ಬೊಂಬಾರ್ಡಿಯೆ ಅದನ್ನು ಬಿಡಲಿಲ್ಲ. ಸ್ಪ್ರಾಕೆಟ್ ಮತ್ತು ಬೆಲ್ಟಿನ ಅವರ ಏರ್ಪಾಡಿಗೆ 1937ರಲ್ಲಿ ಪೇಟೆಂಟ್ ದೊರೆಯಿತು. 1959ರಲ್ಲಿ ಒಬ್ಬಿಬ್ಬರು ಕುಳಿತು ಹೋಗುವ ಹಿಮದ ಸ್ಕೂಟರ್ 'ಸ್ಕೀ-ಡೂ' ಮಾರುಕಟ್ಟೆಗೆ ಬಂತು. ನಮ್ಮ ದೇಶದಲ್ಲಿ ಗುಲ್ಮಾರ್ಗಕ್ಕೆ ಹೋದವರು ಈ ಬಗೆಯ ಗಾಡಿಯನ್ನು ನೋಡಿರುತ್ತಾರೆ.

ಆ ಗಾಡಿಗಳಲ್ಲೂ ಇದೇ ಚರ್ಚೆ ಇದೆ. ತುಳಿದು ಗಟ್ಟಿಯಾದ ಹಿಮದ ದಾರಿಗೆ ಸುಮಾರು 3 ಮೀಟರ್ ಸುತ್ತಳತೆಯ, 3 ಸೆಂಟಿಮೀಟರ್ ಉಬ್ಬಿನ ಬೆಲ್ಟ್ ಸಾಕು. ಬೆಟ್ಟದ ಮೇಲಿನ ಪುಡಿ ಹಿಮಕ್ಕೆ 4 ಮೀಟರ್ ದಾಟಿದ, 6ರಿಂದ 7.5 ಸೆಂಟಿಮೀಟರ್ ಉಬ್ಬಿನ ಬೆಲ್ಟ್ ಬೇಕು. ಹಾಗೆ ಬದಲಿಸುವವರು ಬೆಲ್ಟ್ ಒಂದನ್ನೇ ಬದಲಿಸುವುದಿಲ್ಲ. ಬೆಲ್ಟನ್ನು ಹಿಡಿದಿರುವ ಚೌಕಟ್ಟನ್ನು ಹಿಂದಕ್ಕೆ ಉದ್ದ ಮಾಡುತ್ತಾರೆ. ಎತ್ತರದ ಉಬ್ಬು ಮೇಲಿನ ತಗಡಿಗೆ ತಾಗದಂತೆ ಜಾಗ ನೋಡುತ್ತಾರೆ. ಹೆಚ್ಚಿದ ಹೊರೆಗೆ ತಕ್ಕಂತೆ ಗೇರಿನ ಅನುಪಾತವನ್ನೂ ಇಳಿಸುತ್ತಾರೆ.

ಭತ್ತದ ಯಂತ್ರಕ್ಕೂ ಈ ಪಾಠ ಅನ್ವಯಿಸುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಪುಡಿ ಹಿಮ ಉಬ್ಬುಗಳ ನಡುವಿನಿಂದ ಉದುರಿಹೋಗುತ್ತದೆ. ಜೇಡಿಮಣ್ಣು ಅಂಟಿಕೊಳ್ಳುತ್ತದೆ.

ಬೆಲ್ಟಿನ ಮೇಲಿನ ಮೂರು ಸಂಖ್ಯೆ

ಬೆಲ್ಟಿನ ಮೇಲೆ 400×90×47 ಅಥವಾ 450×90×51 ಎಂಬಂತೆ ಮೂರು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಬೆಲ್ಟಿನೊಳಗೆ ಹುದುಗಿಸಿದ ಕಬ್ಬಿಣದ ತುಂಡುಗಳ ನಡುವಿನ ಅಂತರ, ಅಂದರೆ ಪಿಚ್. ಮೂರನೆಯದು ಅಂಥ ತುಂಡುಗಳ ಎಣಿಕೆ. ಎರಡನೆಯದನ್ನು ಮೂರನೆಯದರಿಂದ ಗುಣಿಸಿದರೆ ಸುತ್ತಳತೆ ಸಿಗುತ್ತದೆ. 90×51 ಎಂದರೆ 4,590 ಮಿಲಿಮೀಟರ್, ಸುಮಾರು 4.6 ಮೀಟರ್.

ಇವುಗಳಲ್ಲಿ ಪಿಚ್ ವಿಷಯದಲ್ಲಿ ರಾಜಿ ಸಾಧ್ಯವೇ ಇಲ್ಲ. ಸ್ಪ್ರಾಕೆಟಿನ ಹಲ್ಲು ಕಬ್ಬಿಣದ ತುಂಡುಗಳ ನಡುವೆ ಸರಿಯಾಗಿ ಕೂರಬೇಕು. 90ರ ಸ್ಪ್ರಾಕೆಟಿಗೆ 84ರ ಬೆಲ್ಟ್ ಹಾಕಿದರೆ ಒಂದು ಹಲ್ಲಿಗೆ 6 ಮಿಲಿಮೀಟರ್ ತಪ್ಪುತ್ತದೆ, ಐದು ಹಲ್ಲಿಗೆ 30. ಹಲ್ಲು ಬೆಲ್ಟಿನ ಮೇಲೆ ಹತ್ತುತ್ತದೆ, ಬೆಲ್ಟ್ ಕಳಚುತ್ತದೆ ಅಥವಾ ಹರಿಯುತ್ತದೆ. ಅಗಲ, ಎಣಿಕೆ ಸರಿ ಇದ್ದರೂ ಒಳಮೈಯಲ್ಲಿ ರೋಲರ್ ಓಡುವ ದಾರಿಯ ಆಕಾರ ಬೇರೆ ಇದ್ದರೆ ಬೆಲ್ಟ್ ಹೊಂದುವುದಿಲ್ಲ.

ಉದ್ದದ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ. 51 ತುಂಡಿನ ಬದಲು 53 ತುಂಡಿನ ಬೆಲ್ಟ್ ತಂದರೆ ಸುತ್ತಳತೆ 180 ಮಿಲಿಮೀಟರ್ ಹೆಚ್ಚುತ್ತದೆ. ಆದರೆ ನೆಲಕ್ಕೆ ತಾಗುವ ಭಾಗ ಹೆಚ್ಚುವುದು ಅದರ ಅರ್ಧ, ಅಂದರೆ 90 ಮಿಲಿಮೀಟರ್ ಮಾತ್ರ. ಉಳಿದರ್ಧ ಮೇಲ್ಭಾಗದ ಪಾಲು. ಅದೂ ಹಿಂದಿನ ಐಡ್ಲರ್ ಚಕ್ರವನ್ನು ಅಷ್ಟೇ ಹಿಂದಕ್ಕೆ ಸರಿಸಿದರೆ. ಬಿಗಿ ಮಾಡುವ ಬೋಲ್ಟ್ ಇರುವುದು ಸವೆತದ ಸಡಿಲ ತೆಗೆಯಲು. 90 ಮಿಲಿಮೀಟರನ್ನು ಪೂರ್ತಿ ಅದರ ಮೇಲೆಯೇ ಹೊರಿಸಿದರೆ ಮುಂದೆ ಬಿಗಿ ಮಾಡಲು ಜಾಗವೇ ಉಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬೆಲ್ಟಿಗೂ ಸಲ್ಲುತ್ತದೆ. ಚೌಕಟ್ಟು ಇದ್ದಷ್ಟೇ ಬೆಲ್ಟ್.

ನೆಲದ ಮೇಲಿನ ಭಾರ

ಯಂತ್ರ ಹೂಳುವುದು ಅದರ ತೂಕ ಎಷ್ಟು ಜಾಗದ ಮೇಲೆ ಹರಡಿದೆ ಎಂಬುದರ ಮೇಲೆ ನಿಂತಿದೆ. ಲೆಕ್ಕದ ಸುಲಭಕ್ಕೆ 3,000 ಕಿಲೋ ತೂಕದ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಬೆಲ್ಟಿನ ಅಗಲ 40 ಸೆಂಟಿಮೀಟರ್, ನೆಲಕ್ಕೆ ತಾಗುವ ಉದ್ದ 150 ಸೆಂಟಿಮೀಟರ್. ಎರಡು ಬೆಲ್ಟ್ ಸೇರಿ 12,000 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 250 ಗ್ರಾಂ. ನಡೆಯುವ ಮನುಷ್ಯ ಒಂದೇ ಕಾಲ ಮೇಲೆ ಭಾರ ಬಿಟ್ಟಾಗ ನೆಲಕ್ಕೆ ಬೀಳುವುದು ಇದಕ್ಕಿಂತ ಕಡಿಮೆಯೇನಲ್ಲ. ಇಷ್ಟು ದೊಡ್ಡ ಯಂತ್ರ ಕೆಸರಿನಲ್ಲಿ ತೇಲಿದಂತೆ ಹೋಗುವ ಗುಟ್ಟು ಇದು.

ಈಗ ಒಂದೊಂದೇ ಬದಲಾವಣೆ ಮಾಡಿ ನೋಡಬಹುದು.

ಉದ್ದವನ್ನು 9 ಸೆಂಟಿಮೀಟರ್ ಹೆಚ್ಚಿಸಿದರೆ ಭಾರ 250ರಿಂದ 236 ಗ್ರಾಮಿಗೆ ಇಳಿಯುತ್ತದೆ. ಉಳಿತಾಯ 14 ಗ್ರಾಂ.

ಉದ್ದ ಹಾಗೇ ಇಟ್ಟು ಅಗಲವನ್ನು 40ರಿಂದ 45 ಸೆಂಟಿಮೀಟರಿಗೆ ಏರಿಸಿದರೆ 222 ಗ್ರಾಂ. ಉಳಿತಾಯ 28 ಗ್ರಾಂ.

ಬೆಲ್ಟ್ ಮುಟ್ಟದೆ, ಕಾಳಿನ ತೊಟ್ಟಿಯನ್ನು ನೋಡಿದರೆ? ತೊಟ್ಟಿಯಲ್ಲಿ 500 ಕಿಲೋ ಭತ್ತ ತುಂಬಿದಾಗ ಭಾರ 292 ಗ್ರಾಮಿಗೆ ಏರುತ್ತದೆ. ಅರ್ಧ ತುಂಬಿದಾಗಲೇ ಖಾಲಿ ಮಾಡಿಸಿದರೆ 271ರಲ್ಲಿ ನಿಲ್ಲುತ್ತದೆ. ಉಳಿತಾಯ 21 ಗ್ರಾಂ, ಅಂದರೆ ಎರಡು ತುಂಡು ಉದ್ದದ ಬೆಲ್ಟ್ ಕೊಡುವುದಕ್ಕಿಂತ ಹೆಚ್ಚು. ಇದಕ್ಕೆ ಬಿಡಿಭಾಗದ ಖರ್ಚಿಲ್ಲ. ಬದುವಿನವರೆಗೆ ಇನ್ನೊಂದು ಸಲ ಬಂದುಹೋಗುವ ಹೊತ್ತು ಮತ್ತು ಡೀಸೆಲ್ ಅಷ್ಟೇ.

ಕಾಸು ಖರ್ಚು ಮಾಡುವ ಮುಂಚೆ ಮಾಲೀಕರು ಮೊದಲು ಮಾಡಬೇಕಾದ ಬದಲಾವಣೆ ಇದೇ. ಯಂತ್ರ ಹೂಳುವುದು ಸಾಮಾನ್ಯವಾಗಿ ತೊಟ್ಟಿ ತುಂಬಿ, ಬದುವಿನ ಕಡೆಗೆ ತಿರುಗುವ ಹೊತ್ತಿನಲ್ಲಿ.

ಎತ್ತರದ ಉಬ್ಬಿನ ಲಾಭ ನಷ್ಟ

ಹೂಳುವುದು ಒಂದು ತೊಂದರೆ. ಜಾರುವುದು ಇನ್ನೊಂದು. ಅಗಲದ ಬೆಲ್ಟ್ ಹೂಳದಂತೆ ತಡೆಯುತ್ತದೆ. ಜಾರದಂತೆ ಹಿಡಿಯುವ ಕೆಲಸ ಉಬ್ಬಿನದು.

ನಾಟಿಗೆ ಮುನ್ನ ಕೆಸರು ಮಾಡಿದ ಗದ್ದೆಯಲ್ಲಿ ಮೇಲೆ ಮೆತ್ತನೆಯ ಮಣ್ಣು, ಅದರ ಕೆಳಗೆ ವರ್ಷಗಳ ಉಳುಮೆಯಿಂದ ಕೂತ ಗಟ್ಟಿ ಪದರ ಇರುತ್ತದೆ. ಉಬ್ಬು ಆ ಪದರವನ್ನು ಮುಟ್ಟಿ ಕಚ್ಚಿದರೆ ಯಂತ್ರ ಮುಂದೆ ಹೋಗುತ್ತದೆ. ಮುಟ್ಟದಿದ್ದರೆ ಬೆಲ್ಟ್ ಸುತ್ತುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಜಾರುವುದರ ಬೆಲೆ ಗದ್ದೆಯವರಿಗೂ ತಟ್ಟುತ್ತದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವಾಗ ಬೆಲ್ಟ್ ನೂರು ಅಡಿ ಸುತ್ತಿ ಗಾಡಿ ಎಪ್ಪತ್ತು ಅಡಿ ಮಾತ್ರ ಹೋದರೆ, ಒಂದು ಗಂಟೆಯ ಕೆಲಸ 1 ಗಂಟೆ 26 ನಿಮಿಷ ಹಿಡಿಯುತ್ತದೆ. 26 ನಿಮಿಷದ ಬಾಡಿಗೆ ಕೆಸರಿಗೆ ಕೊಟ್ಟಂತೆ.

ಆದರೂ ಉಬ್ಬು ಎತ್ತರವಾದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಜೇಡಿಮಣ್ಣು ಉಬ್ಬುಗಳ ನಡುವೆ ತುಂಬಿಕೊಂಡು ಗಟ್ಟಿಯಾದರೆ ಹೊಸ ಬೆಲ್ಟೂ ಸವೆದ ಬೆಲ್ಟಿನಂತೆ ನುಣುಪಾಗುತ್ತದೆ. ಆದ್ದರಿಂದ ಎತ್ತರದಷ್ಟೇ ಉಬ್ಬುಗಳ ನಡುವಿನ ಅಂತರವನ್ನೂ ನೋಡಬೇಕು. ಅಂತರ ಹೆಚ್ಚಿದ್ದರೆ ಮಣ್ಣು ತಾನೇ ಕಳಚಿ ಬೀಳುತ್ತದೆ. ಕಪ್ಪು ಮಣ್ಣಿನ ಗದ್ದೆಗೆ ಇದು ಮುಖ್ಯ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಅಂಟುವ ಕಾಟ ಕಡಿಮೆ, ಆದರೆ ಮರಳು ರಬ್ಬರನ್ನು ಬೇಗ ತಿನ್ನುತ್ತದೆ.

ಗಟ್ಟಿ ನೆಲದಲ್ಲಿ ಎತ್ತರದ ಉಬ್ಬು ಬಾಗುತ್ತದೆ, ಬಿಸಿಯಾಗುತ್ತದೆ, ಬುಡದಲ್ಲಿ ಸೀಳುತ್ತದೆ. ಟ್ರ್ಯಾಕ್ಟರಿನ ಕೇಜ್ ವೀಲ್ ಡಾಂಬರು ರಸ್ತೆಯನ್ನು ಕೆಡಿಸುತ್ತದೆ, ಇಲ್ಲಿ ಡಾಂಬರು ರಸ್ತೆಯೇ ಬೆಲ್ಟನ್ನು ಕೆಡಿಸುತ್ತದೆ. ಅರ್ಧ ಕಿಲೋಮೀಟರ್ ತಾನೇ ಎಂದು ರಸ್ತೆಯ ಮೇಲೆ ಓಡಿಸುವ ಅಭ್ಯಾಸ ಬಿಡಬೇಕು.

ಎಂಜಿನ್, ತಿರುವು, ತೂಕದ ಸಮತೋಲ

ಉದ್ದ ಬೆಲ್ಟಿಗೆ ತಿರುಗುವುದು ಕಷ್ಟ. ಬೆಲ್ಟ್ ಗಾಡಿ ತಿರುಗುವಾಗ ಬೆಲ್ಟಿನ ಮುಂದಿನ ಮತ್ತು ಹಿಂದಿನ ತುದಿ ನೆಲವನ್ನು ಅಡ್ಡಲಾಗಿ ಉಜ್ಜುತ್ತವೆ. ನೆಲಕ್ಕೆ ತಾಗುವ ಉದ್ದ ಹೆಚ್ಚಿದಷ್ಟೂ, ಉಬ್ಬು ಆಳಕ್ಕೆ ಇಳಿದಷ್ಟೂ ಈ ಉಜ್ಜಾಟ ಹೆಚ್ಚು. ಅದರ ಹೊರೆ ಎಂಜಿನ್ನಿಗೆ, ಅಲ್ಲಿಂದ ಹೈಡ್ರಾಲಿಕ್ ಗೇರಿಗೆ ಹೋಗುತ್ತದೆ. ಎಣ್ಣೆ ಬಿಸಿಯಾಗಿ ತಿಳಿಯಾಗುತ್ತದೆ, ಶಕ್ತಿ ಸೋರುತ್ತದೆ. ಕೊಯ್ಯುವುದು, ಬಡಿಯುವುದು, ಓಡುವುದು ಮೂರೂ ಒಂದೇ ಎಂಜಿನ್ನಿನ ಕೆಲಸ. ಓಡುವುದಕ್ಕೇ ಹೆಚ್ಚು ಶಕ್ತಿ ಹೋದರೆ ಬಡಿಯುವುದು ನಿಧಾನವಾಗಿ ಕಾಳು ಹುಲ್ಲಿನ ಜೊತೆ ಹಿಂದೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಚೌಕಟ್ಟನ್ನು ಹಿಂದಕ್ಕೆ ಮಾತ್ರ ಉದ್ದ ಮಾಡಿದರೆ ಬೆಲ್ಟಿನ ನಡುಭಾಗ ಹಿಂದೆ ಸರಿಯುತ್ತದೆ. ಯಂತ್ರದ ತೂಕ ಇದ್ದಲ್ಲೇ ಇರುತ್ತದೆ. ಕೊಯ್ಯುವ ಭಾಗ ಮುಂದೆ ಚಾಚಿರುವ ಯಂತ್ರದ ಮೂಗು ಆಗ ಇನ್ನಷ್ಟು ಕೆಳಗೆ ಬಾಗುತ್ತದೆ. ಹೂಳದಿರಲೆಂದು ಮಾಡಿದ ಕೆಲಸದಿಂದ ಮುಂದಿನ ತುದಿ ಮೊದಲು ಹೂಳುವ ಹಾಗಾಗುತ್ತದೆ. ವೆಲ್ಡಿಂಗ್ ಮಾಡಿಸಿ ಚೌಕಟ್ಟು ಉದ್ದ ಮಾಡುವುದು ಮಾಲೀಕರು ಸ್ವಂತ ತೀರ್ಮಾನದಿಂದ ಮಾಡುವ ಕೆಲಸ ಅಲ್ಲ ಎನ್ನುವುದು ಇದಕ್ಕೇ. ತಯಾರಕರೇ ಆ ಮಾದರಿಗೆ ಅಗಲದ ಬೆಲ್ಟಿನ ಅವಕಾಶ ಕೊಟ್ಟಿದ್ದರೆ ಅದು ಸುರಕ್ಷಿತ ದಾರಿ. ಆಗಲೂ ಬೆಲ್ಟಿನ ಒಳಅಂಚು ಗೇರ್ ಬಾಕ್ಸಿಗೆ, ಉಬ್ಬಿನ ತುದಿ ಮೇಲಿನ ಚೌಕಟ್ಟಿಗೆ ತಾಗದೆಂದು ಅಳೆದು ನೋಡಬೇಕು.

ಹಾಕುವಾಗ ಗಮನಿಸಬೇಕಾದದ್ದು

ಬೆಲ್ಟ್ ಒಂದೊಂದೂ ನೂರು ಕಿಲೋ ದಾಟುವಷ್ಟು ಭಾರ ಇರಬಹುದು. ಒಬ್ಬರೇ ಮಾಡುವ ಕೆಲಸವಲ್ಲ.

ಯಂತ್ರವನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದಿಡಬೇಕು. ಜಾಕಿನ ಮೇಲೆ ಎತ್ತಿದ ಮೇಲೆ ದಪ್ಪ ಮರದ ದಿಮ್ಮಿ ಕೊಡಬೇಕು. ಬರೀ ಜಾಕನ್ನೋ ಯಂತ್ರದ ಹೈಡ್ರಾಲಿಕ್ಕನ್ನೋ ನಂಬಿ ಯಾರೂ ಕೆಳಗೆ ಹೋಗಬಾರದು. ಗದ್ದೆಯ ನಡುವೆ ಬೆಲ್ಟ್ ಕಳಚಿದಾಗ ಅವಸರಕ್ಕೆ ಮೀರುವ ನಿಯಮ ಇದೇ. ಜೀವಕ್ಕೆ ಕುತ್ತು ತರುವುದೂ ಇದೇ.

ಹಳೆಯ ಬೆಲ್ಟ್ ತೆಗೆದಾಗ ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಂತೆ ಸವೆದಿದೆಯೇ, ರೋಲರುಗಳು ಸದ್ದಿಲ್ಲದೆ ತಿರುಗುತ್ತವೆಯೇ ಎಂದು ನೋಡಬೇಕು. ಸವೆದ ಸ್ಪ್ರಾಕೆಟಿನ ಮೇಲೆ ಹೊಸ ಬೆಲ್ಟ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಎರಡೂ ಕಡೆಯ ಬೆಲ್ಟನ್ನು ಜೊತೆಯಾಗಿ ಬದಲಿಸುವುದು ಒಳ್ಳೆಯದು. ಒಂದು ಹೊಸದು ಒಂದು ಹಳೆಯದಾದರೆ ಗಾಡಿ ಒಂದು ಕಡೆಗೇ ಎಳೆಯುತ್ತದೆ.

ಕೆಲವು ಬೆಲ್ಟುಗಳ ಉಬ್ಬಿಗೆ ದಿಕ್ಕು ಇರುತ್ತದೆ. ತಿರುಗಿಸಿ ಹಾಕಿದರೆ ಮಣ್ಣು ಹೊರಗೆ ಬೀಳುವ ಬದಲು ಒಳಗೆ ತುಂಬುತ್ತದೆ. ಬಿಗಿ ಎಷ್ಟಿರಬೇಕೆಂದು ಯಂತ್ರದ ಕೈಪಿಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಸಡಿಲವಾದರೆ ತಿರುವಿನಲ್ಲಿ ಕಳಚುತ್ತದೆ, ಅತಿ ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ಹಿಗ್ಗುತ್ತದೆ. ಹಾಗಾಗಿ ಮೊದಲ ದಿನ ಸಂಜೆಯೇ ಮತ್ತೊಮ್ಮೆ ಅಳೆಯಬೇಕು.

ಗದ್ದೆಯವರ ಪಾಲು

ಬೆಲ್ಟ್ ಎಷ್ಟೇ ಚೆನ್ನಾಗಿದ್ದರೂ ಗದ್ದೆ ಸಿದ್ಧವಿಲ್ಲದಿದ್ದರೆ ಪ್ರಯೋಜನವಿಲ್ಲ. ಕೊಯ್ಲಿಗೆ ಸುಮಾರು 10 ದಿನ ಮುಂಚೆ ನೀರು ನಿಲ್ಲಿಸಿ, ತಗ್ಗಿನ ಮೂಲೆಯಲ್ಲಿ ಬದು ಕಡಿದು ಬಸಿಯಲು ಬಿಟ್ಟರೆ ಮೇಲ್ಪದರ ಬಿಗಿಯಾಗುತ್ತದೆ. ಮೇಲಿನ ಗದ್ದೆಯವರು ನೀರು ಬಿಟ್ಟುಕೊಂಡೇ ಇದ್ದರೆ ಕೆಳಗಿನವರ ಗದ್ದೆ ಒಣಗುವುದಿಲ್ಲ. ಆದ್ದರಿಂದ ಒಂದೇ ತೂಬಿನ ರೈತರು ಮಾತಾಡಿಕೊಂಡು ನಾಟಿಯ ದಿನವನ್ನೇ ಹತ್ತಿರ ಹತ್ತಿರ ಇಟ್ಟುಕೊಂಡರೆ ಕೊಯ್ಲಿನ ಹೊತ್ತಿಗೆ ಜಗಳವಿಲ್ಲ. ಎಲ್ಲಿ ಹಳೆಯ ಗುಂಡಿ ಇದೆ, ಎಲ್ಲಿ ಒರತೆ ಇದೆ ಎಂಬುದು ಗದ್ದೆಯವರಿಗೆ ಗೊತ್ತು, ಹೊರಗಿನಿಂದ ಬಂದ ಡ್ರೈವರಿಗೆ ಗೊತ್ತಿರುವುದಿಲ್ಲ. ಅಲ್ಲೊಂದು ಕೋಲು ನೆಟ್ಟು ತೋರಿಸಿದರೆ ಎಷ್ಟೋ ಗಂಟೆ ಉಳಿಯುತ್ತದೆ.

ಹೂತ ಯಂತ್ರ ಬಿಟ್ಟುಹೋದ ಹಳ್ಳ ಮುಂದಿನ ನಾಟಿಗೂ ಉಳಿಯುತ್ತದೆ. ಗಟ್ಟಿ ಪದರ ಅಲ್ಲಿ ಒಡೆದು ನೀರು ಇಂಗುತ್ತದೆ, ಮುಂದಿನ ವರ್ಷ ಯಂತ್ರ ಅದೇ ಜಾಗದಲ್ಲಿ ಮತ್ತೆ ಹೂಳುತ್ತದೆ. ಇದು ಮಾಲೀಕರು, ರೈತರು ಇಬ್ಬರಿಗೂ ನಷ್ಟ.

ಸಲಹೆ ಬೇಕಾದವರು ದೂರ ಹೋಗಬೇಕಾಗಿಲ್ಲ. ಗಾಂಧಿಪುರಂನಿಂದ ಸಿಟಿ ಬಸ್ಸಿನ ದೂರದಲ್ಲೇ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇದೆ. ಕೇಂದ್ರ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಕೊಯಮತ್ತೂರಿನಲ್ಲೇ ಇದೆ. ಹೊಸ ಯಂತ್ರ ಕೊಳ್ಳುವವರು ಆ ಮಾದರಿಗೆ ಸರ್ಕಾರಿ ಪರೀಕ್ಷಾ ವರದಿ ಇದೆಯೇ ಎಂದು ಮಾರಾಟಗಾರರನ್ನು ಕೇಳಬೇಕು. ಬೆಲ್ಟಿನ ಅಳತೆ, ಯಂತ್ರದ ತೂಕ ಎರಡೂ ಸಿಕ್ಕರೆ ಮೇಲಿನ ಲೆಕ್ಕವನ್ನು ಮನೆಯಲ್ಲೇ ಕೂತು ಹಾಕಬಹುದು.

ಒಟ್ಟಿನಲ್ಲಿ ಕ್ರಮ ಇಷ್ಟು. ಮೊದಲು ಗದ್ದೆಯ ನೀರು ಬಸಿಯಬೇಕು. ನಂತರ ತೊಟ್ಟಿ ಅರ್ಧವಾದಾಗಲೇ ಖಾಲಿ ಮಾಡಬೇಕು. ಆಮೇಲೆ ಸವೆದ ಬೆಲ್ಟನ್ನು ಅದೇ ಅಳತೆಯ, ಮಣ್ಣಿಗೆ ತಕ್ಕ ಉಬ್ಬಿನ ಬೆಲ್ಟಿಗೆ ಬದಲಿಸಬೇಕು. ಅಷ್ಟಾದರೂ ಸಾಲದಿದ್ದರೆ ತಯಾರಕರು ಒಪ್ಪಿದ ಅಗಲದ ಬೆಲ್ಟ್. ಉದ್ದ ಮಾಡಿಸುವ ಮಾತು ಎಲ್ಲಕ್ಕಿಂತ ಕೊನೆಗೆ. ಗಾಂಧಿಪುರಂ ಬಸ್ಸು ಹತ್ತುವ ಮುಂಚೆ ಬೆಲ್ಟಿನ ಫೋಟೊ ಜೊತೆಗೆ ಆ ಮೂರು ಸಂಖ್ಯೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರೆ ಎರಡನೇ ಸಲ ಬರುವ ಚಾರ್ಜು ಉಳಿಯುತ್ತದೆ.